ಕೆಲಸಕ್ಕೆ ಮರಳುವ ತಾಯಿಗೆ ಪಂಪು, ಶೀಲ್ಡು, ಒಳಲೆ: ಇವುಗಳಲ್ಲಿ ನಿಜಕ್ಕೂ ಬೇಕಾದದ್ದು ಯಾವುದು?

ಪ್ರಶ್ನೆ: ತುಮಕೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ನಾಲ್ಕೂವರೆ ತಿಂಗಳು. ಹೆರಿಗೆಗೆ 3 ವಾರ ಮುಂಚೆಯೇ ರಜೆ ತೆಗೆದುಕೊಂಡಿದ್ದರಿಂದ ನನ್ನ 26 ವಾರಗಳ ರಜೆ ಮಗುವಿಗೆ ಐದು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಕಚೇರಿ ಇರುವುದು ಬೆಂಗಳೂರಿನಲ್ಲಿ, ಮನೆ ಇರುವುದು ತುಮಕೂರಿನಲ್ಲಿ. ದಿನವೂ ರೈಲಿನಲ್ಲಿ ಓಡಾಡುವವರಿಗೆ ಈ ಪಾಡು ಗೊತ್ತಿರುತ್ತದೆ: ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆ ಏಳಾಗಿರುತ್ತದೆ. ಅಂದರೆ ಹನ್ನೆರಡೂವರೆ ಗಂಟೆ ಮಗು ನನ್ನಿಂದ ದೂರವಿರುತ್ತದೆ.

ಇದುವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ, ಬಾಟಲಿಯ ರುಚಿಯೂ ಅದಕ್ಕೆ ಗೊತ್ತಿಲ್ಲ. ಗೆಳತಿಯೊಬ್ಬಳು ಕೊಳ್ಳಬೇಕಾದ ಸಾಮಾನುಗಳ ಪಟ್ಟಿ ಕಳುಹಿಸಿದ್ದಾಳೆ. ಅದರಲ್ಲಿ ವಿದ್ಯುತ್ ಪಂಪ್, ಕೈಪಂಪ್, ಸಿಲಿಕೋನ್ ನಿಪ್ಪಲ್ ಶೀಲ್ಡ್ (ಹಾಲೂಡಿಸುವಾಗ ತೊಟ್ಟಿನ ಮೇಲೆ ಹಾಕಿಕೊಳ್ಳುವ ತೆಳು ಕವಚ), ಹಬೆಯ ಸ್ಟೆರಿಲೈಸರ್, ಬಾಟಲಿ ಬಿಸಿ ಮಾಡುವ ಯಂತ್ರ, ಹಾಲೂಡಿಸುವ ದಿಂಬು, ಪ್ಯಾಡು, ಕ್ರೀಮು, ಶೇಖರಣೆಯ ಚೀಲಗಳು, ಹಾಲು ಹೆಚ್ಚಿಸುವ ಪುಡಿ ಎಲ್ಲವೂ ಇವೆ. ಕೂಡಿಸಿ ನೋಡಿದರೆ 20,000 ರೂಪಾಯಿ ದಾಟುತ್ತದೆ. ಅತ್ತೆಯವರು ಪಟ್ಟಿ ಕೇಳಿ, "ನಮ್ಮ ಕಾಲದಲ್ಲಿ ಒಂದು ಒಳಲೆ, ಒಂದು ಹಳೆ ಪಂಚೆ ಬಿಟ್ಟರೆ ಇನ್ನೇನಿತ್ತು?" ಎಂದರು. ಒಳಲೆಯೆಂದರೆ ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು. ಅವರ ಮಾತು ಸುಳ್ಳಲ್ಲ. ಆದರೆ ಅವರು ಹೊಲಕ್ಕೆ ಹೋದಾಗ ಕೂಸು ಬದುವಿನ ಮೇಲಿನ ಜೋಳಿಗೆಯಲ್ಲೇ ಇರುತ್ತಿತ್ತು, ನನ್ನದು ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುತ್ತದೆ.

ನನ್ನ ಎಡಗಡೆಯ ತೊಟ್ಟು ಸ್ವಲ್ಪ ಒಳಸೇರಿದೆ. ಮನೆಯಲ್ಲಿ ಕರೆಂಟು ಹೋಗುವುದುಂಟು. ಕಚೇರಿಯಲ್ಲಿ ಪ್ರತ್ಯೇಕ ಕೋಣೆಯಿಲ್ಲ. ಈ ಮೂರನ್ನೂ ಗಮನದಲ್ಲಿಟ್ಟು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಇಬ್ಬರು ಮಕ್ಕಳ ತಾಯಿ, ಮೈಸೂರು

ನಿಮ್ಮ ಪರಿಸ್ಥಿತಿಯಲ್ಲಿ ಪಂಪ್ ಬೇಕೇ ಬೇಕು. ಆದರೆ ಪಂಪಿನ ಬೆಲೆಗಿಂತ ಅದರ ಬಾಯಿಯ ಅಳತೆ ಮುಖ್ಯವೆಂಬುದನ್ನು ನಾನು ಬಹಳ ನೋವು ತಿಂದು ಕಲಿತೆ.

ಮೊದಲ ಮಗುವಿನ ಸಮಯದಲ್ಲಿ ಹೆಸರುವಾಸಿ ಕಂಪನಿಯೊಂದರ ವಿದ್ಯುತ್ ಪಂಪ್ ಕೊಂಡಿದ್ದೆ. ಕಚೇರಿಯಲ್ಲಿ ಹಳೆಯ ಕಡತಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು ಕೂರುತ್ತಿದ್ದೆ. ಇಪ್ಪತ್ತು ನಿಮಿಷ ಕೂತರೂ ಡಬ್ಬಿಯ ತಳದಲ್ಲಿ 30 ಮಿಲಿಲೀಟರ್ ಹಾಲು, ಅದರಲ್ಲಿಯೂ ಒಂದೊಂದು ದಿನ ತೆಳುವಾದ ಕೆಂಪು ಎಳೆ ಕಾಣಿಸುತ್ತಿತ್ತು. ನನಗೆ ಹಾಲೇ ಇಲ್ಲವೆಂದು ನಾನೂ ನಂಬಿದೆ, ಮನೆಯವರೂ ನಂಬಿದರು. ಕೊನೆಗೆ ಸ್ತನ್ಯಪಾನದ ಸಲಹೆಗಾರ್ತಿಯೊಬ್ಬರು ಶಾಲೆಯ ಮಕ್ಕಳ ಸ್ಕೇಲು ಹಿಡಿದು ತೊಟ್ಟಿನ ಬುಡದ ಅಗಲ ಅಳೆದರು. ನನ್ನದು 16 ಮಿಲಿಮೀಟರ್. ಪೆಟ್ಟಿಗೆಯಲ್ಲಿ ಬಂದಿದ್ದ ಫ್ಲೇಂಜ್, ಅಂದರೆ ಎದೆಗೆ ಇಟ್ಟುಕೊಳ್ಳುವ ಆ ಕೊಳವೆಬಾಯಿ, 24 ಮಿಲಿಮೀಟರಿನದು. ಬಾಯಿ ಅಷ್ಟು ದೊಡ್ಡದಾದಾಗ ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದುಕೊಂಡು ಉಜ್ಜಿ ಊದಿಕೊಳ್ಳುತ್ತದೆ, ಹಾಲಿನ ನಾಳ ಅಮುಕಿದಂತಾಗುತ್ತದೆ. ಒಳಗೆ ಸಿಕ್ಕಿಸುವ 19 ಮಿಲಿಮೀಟರಿನ ಸಿಲಿಕೋನ್ ಉಂಗುರವನ್ನು ಹಾಕಿದ ಮೇಲೆ ಅದೇ ಪಂಪಿನಲ್ಲಿ, ಅದೇ ಕೋಣೆಯಲ್ಲಿ, 70-80 ಮಿಲಿಲೀಟರ್ ಬರತೊಡಗಿತು.

ಆದ್ದರಿಂದ ಹಾಲೂಡಿಸುವುದಕ್ಕೆ ಮುಂಚೆ, ತೊಟ್ಟು ಊದಿಕೊಂಡಿರದ ಹೊತ್ತಿನಲ್ಲಿ, ಎರಡೂ ಕಡೆ ಅಳೆದುಕೊಳ್ಳಿ. ಎಡಕ್ಕೂ ಬಲಕ್ಕೂ ಅಳತೆ ಬೇರೆ ಇರಬಹುದು. ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿನ ಫ್ಲೇಂಜಿನಿಂದ ಆರಂಭಿಸಿ. ಪಂಪ್ ನಡೆಯುವಾಗ ತೊಟ್ಟು ಕೊಳವೆಯ ಗೋಡೆಗೆ ತಿಕ್ಕದೆ ಹಿಂದೆ ಮುಂದೆ ಆಡುತ್ತಿರಬೇಕು, ನೋಯಬಾರದು. ಎಳೆತದ ಒತ್ತಡವನ್ನು ಗರಿಷ್ಠಕ್ಕೆ ಏರಿಸಿದರೆ ಹಾಲು ಹೆಚ್ಚು ಬರುತ್ತದೆಂಬುದು ತಪ್ಪು ತಿಳಿವಳಿಕೆ. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯ, ಇದನ್ನು ಪೆಟ್ಟಿಗೆಯ ಮೇಲೆ ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ. ಪಂಪಿನೊಳಗೆ ಬಾತುಕೋಳಿಯ ಕೊಕ್ಕಿನಂತಿರುವ ಒಂದು ಪುಟ್ಟ ಸಿಲಿಕೋನ್ ಕವಾಟ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಬಳಸುವವರಲ್ಲಿ ಅದು ಕೆಲವೇ ತಿಂಗಳಿಗೆ ಸಡಿಲವಾಗಿ ಎಳೆತ ಕುಗ್ಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಹಾಲು ಅರ್ಧಕ್ಕಿಳಿದರೆ ಗಾಬರಿಯಾಗುವ ಮೊದಲು ಆ ಕವಾಟವನ್ನು ಬೆಳಕಿಗೆ ಹಿಡಿದು ನೋಡಿ. ಕೊಳ್ಳುವಾಗಲೇ ಬಿಡಿಭಾಗಗಳು ಸುಲಭವಾಗಿ ಸಿಗುವ ಪಂಪನ್ನು ಆರಿಸಿ.

ಎರಡೂ ಕಡೆ ಒಟ್ಟಿಗೆ ತೆಗೆಯುವ ಜೋಡಿ ಪಂಪು ದುಬಾರಿ, ಆದರೆ ಅರ್ಧ ಗಂಟೆಯ ಕೆಲಸ ಕಾಲು ಗಂಟೆಗೆ ಮುಗಿಯುತ್ತದೆ. ದಿನಕ್ಕೆ ಮೂರು ಸಲ ಮೇಜು ಬಿಟ್ಟೇಳಬೇಕಾದವರಿಗೆ ಆ ಕಾಲು ಗಂಟೆಯ ಬೆಲೆ ಹಣದಲ್ಲಿ ಹೇಳಲಾಗದು. ಒಳಉಡುಪಿನೊಳಗೆ ಇಟ್ಟುಕೊಂಡು ಓಡಾಡುವ ಪಂಪುಗಳೂ ಬಂದಿವೆ. ನನ್ನ ತಂಗಿಗೆ ಅವು ಒಗ್ಗಿದವು, ನನಗೆ ಒಗ್ಗಲಿಲ್ಲ. ಕೈಪಂಪೊಂದು ಬ್ಯಾಗಿನಲ್ಲಿರಲಿ, ಚಾರ್ಜು ಮುಗಿದ ದಿನ ಅದೇ ಕೈಹಿಡಿಯುತ್ತದೆ.

ಉತ್ತರ 2: ನಿವೃತ್ತ ಶುಶ್ರೂಷಕಿ, ದಾವಣಗೆರೆ

ತಾಯೀ, ನಿಮ್ಮ ಅತ್ತೆಯವರ ಒಳಲೆಯನ್ನು ಹಗುರವಾಗಿ ಕಾಣಬೇಡಿ. ನವಜಾತ ಶಿಶುಗಳ ವಾರ್ಡಿನಲ್ಲಿ ನಾನು ಕೆಲಸ ಮಾಡಿದಷ್ಟು ವರ್ಷವೂ ಎದೆಗೆ ಬಾಯಿ ಹಾಕಲಾಗದ ಕಡಿಮೆ ತೂಕದ ಕೂಸುಗಳಿಗೆ ತಾಯಿಯ ಹಾಲನ್ನು ಒಳಲೆಯಲ್ಲೋ ಸಣ್ಣ ಬಟ್ಟಲಿನಲ್ಲೋ ಕುಡಿಸಿದ್ದೇವೆಯೇ ಹೊರತು ಬಾಟಲಿ ಮುಟ್ಟಿದವರಲ್ಲ. ಬಾಟಲಿಯ ರಬ್ಬರು ತೊಟ್ಟಿನ ಸಂದಿಗೊಂದಿಗಳನ್ನು ತೊಳೆಯುವುದು ಕಷ್ಟ. ಒಳಲೆಯಾದರೋ ಸ್ಟೀಲಿನದು, ಅಗಲ ಬಾಯಿಯದು, ಬೂದಿ ಹಾಕಿ ತಿಕ್ಕಿದ ಕಾಲದಿಂದ ಸೋಪಿನ ಕಾಲದವರೆಗೆ ಒಂದೇ ಉಜ್ಜಿಗೆ ಸ್ವಚ್ಛವಾಗುತ್ತದೆ.

ಆದರೆ ಅದನ್ನು ಹಿಡಿಯುವ ಹಳೆಯ ರೀತಿಯನ್ನು ಬಿಡಬೇಕು. ನೀಡಿದ ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಅದು ಅಳಲು ಬಾಯಿ ತೆರೆದಾಗ ಹಾಲು ಸುರಿಯುವುದನ್ನು ನೀವೆಲ್ಲ ನೋಡಿರುತ್ತೀರಿ. ಹಾಲು ನೆತ್ತಿಗೆ ಹತ್ತುವುದು ಹೀಗೆಯೇ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿದಂತೆ ಒರಗಿಸಿಕೊಂಡು, ಕತ್ತಿಗೆ ಅಂಗೈ ಕೊಟ್ಟು, ಒಳಲೆಯ ತುದಿಯನ್ನು ತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟೇ ಬಗ್ಗಿಸಬೇಕು. ಮಗು ನಾಲಿಗೆ ಚಾಚಿ ತಾನೇ ತೆಗೆದುಕೊಳ್ಳುತ್ತದೆ. ನುಂಗಿ ಉಸಿರಾಡಿಕೊಂಡ ಮೇಲೆ ಮುಂದಿನ ಗುಟುಕು. ನಿಮ್ಮ ಮಗಳಿಗೆ ಐದು ತಿಂಗಳು ಸಮೀಪಿಸಿರುವುದರಿಂದ ಸಣ್ಣ ಲೋಟಕ್ಕೂ ಒಗ್ಗಿಕೊಳ್ಳಬಹುದು. ಕೆಲಸಕ್ಕೆ ಹೋಗುವ ಎರಡು ವಾರ ಮುಂಚೆಯೇ ದಿನಕ್ಕೊಂದು ಸಲ ಅಜ್ಜಿಯ ಕೈಯಿಂದ ಅಭ್ಯಾಸ ಮಾಡಿಸಿ. ಆ ಹೊತ್ತಿನಲ್ಲಿ ನೀವು ಮನೆಯಿಂದ ಹೊರಗಿರಿ, ಏಕೆಂದರೆ ಅಮ್ಮನ ವಾಸನೆ ಬರುತ್ತಿರುವಾಗ ಲೋಟವನ್ನು ಒಪ್ಪಿಕೊಳ್ಳುವಷ್ಟು ದಡ್ಡ ಮಕ್ಕಳು ನನಗೆ ಇದುವರೆಗೆ ಸಿಕ್ಕಿಲ್ಲ.

ಒಳಸೇರಿದ ತೊಟ್ಟಿನ ಬಗ್ಗೆ ಕೇಳಿದ್ದೀರಿ. ನಮ್ಮೂರಿನವರೇ ಆದ ಮಕ್ಕಳ ವೈದ್ಯೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಂಗಡಿಗರು 1993ರಲ್ಲಿ ಇದಕ್ಕೊಂದು ಉಪಾಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಕಾದದ್ದು ಔಷಧದಂಗಡಿಯ ಒಂದು ಸಿರಿಂಜು. ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಪಿಸ್ಟನ್ನನ್ನು ಹೊರತೆಗೆದು ಕತ್ತರಿಸಿದ ಕಡೆಯಿಂದ ಒಳಸೇರಿಸಬೇಕು. ಆಗ ನುಣುಪಾದ ಮೂಲ ಅಂಚು ಎದೆಯ ಕಡೆಗೆ ಬರುತ್ತದೆ, ಕತ್ತರಿಸಿದ ಒರಟು ಅಂಚು ಚರ್ಮಕ್ಕೆ ತಾಗುವುದಿಲ್ಲ. ತೊಟ್ಟಿನ ಮೇಲೆ ಇಟ್ಟು ಪಿಸ್ಟನ್ನನ್ನು ಮೆಲ್ಲಗೆ ಎಳೆದು, ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೆಯೇ ಹಿಡಿದು, ತೆಗೆಯುವ ಮುನ್ನ ಸ್ವಲ್ಪ ಒತ್ತಿ ಎಳೆತ ಬಿಡಿಸಬೇಕು. ಹಾಲೂಡಿಸುವ ಮೊದಲು ಹೀಗೆ ಮಾಡಿದರೆ ತೊಟ್ಟು ಹೊರಚಾಚುತ್ತದೆ. ಕೆಲವೇ ರೂಪಾಯಿಗಳ ಈ ಸಾಧನವನ್ನು ದಾವಣಗೆರೆಯ ಬಾಣಂತಿಯರು ಬಳಸಿ ಬಾಟಲಿಯ ಗೊಡವೆಯಿಂದ ಪಾರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸಲ ಶುಶ್ರೂಷಕಿಯ ಎದುರಿನಲ್ಲೇ ಮಾಡಿ. ಆದರೆ ನಿಮ್ಮ ಮಗು ನಾಲ್ಕೂವರೆ ತಿಂಗಳು ಆ ಕಡೆಯಿಂದಲೂ ಕುಡಿದು ಬೆಳೆದಿದೆಯೆಂದರೆ ನಿಮಗೆ ಇದರ ಅಗತ್ಯವೂ ಬೀಳಲಾರದು. ಕೂಸು ಹಿಡಿಯುವುದು ಬರಿಯ ತೊಟ್ಟನ್ನಲ್ಲ, ಸುತ್ತಲಿನ ಭಾಗವನ್ನೂ ಸೇರಿಸಿ ಬಾಯಿ ತುಂಬ ಹಿಡಿಯುತ್ತದೆ.

ಇದೇ ಕಾರಣಕ್ಕೆ ನಿಪ್ಪಲ್ ಶೀಲ್ಡನ್ನು ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ. ಅದು ಕೆಟ್ಟದ್ದೆಂದಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೆಲವು ಮಕ್ಕಳಿಗೆ ತಿಳಿದವರ ಉಸ್ತುವಾರಿಯಲ್ಲಿ ಕೆಲವು ದಿನ ಅದು ನೆರವಾಗುತ್ತದೆ. ಅಂಗಡಿಯಿಂದ ತಂದು ತಾವೇ ಹಾಕಿಕೊಂಡವರಲ್ಲಿ ಮಾತ್ರ ಎದೆ ಸರಿಯಾಗಿ ಬರಿದಾಗದೆ ಹಾಲು ಕುಗ್ಗಿದ್ದನ್ನು ನೋಡಿದ್ದೇನೆ. ತೊಟ್ಟು ಒಡೆದಿದ್ದರೆ ಮೊದಲು ಕೂಸು ಹಿಡಿಯುವ ರೀತಿ ಸರಿಯಾಗಬೇಕು. ಆಮೇಲೆ ನಿಮ್ಮದೇ ಹಾಲಿನ ನಾಲ್ಕು ಹನಿ ಸವರಿ ಗಾಳಿಗೆ ಆರಲು ಬಿಡಿ, ಅಥವಾ ಶುದ್ಧೀಕರಿಸಿದ ಲ್ಯಾನೋಲಿನ್ ಕ್ರೀಮು ಹಚ್ಚಿ. ಅದನ್ನು ಹಾಲೂಡಿಸುವ ಮೊದಲು ಒರೆಸಬೇಕಾಗಿಲ್ಲ.

ಹಾಲು ಹೆಚ್ಚಿಸುವ ಪುಡಿಯ ಬಗ್ಗೆ ಎರಡೇ ಮಾತು. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತೆ, ಅಂಟಿನುಂಡೆ ಎಲ್ಲವನ್ನೂ ಪ್ರೀತಿಯಿಂದ ಮಾಡಿಕೊಟ್ಟರೆ ಪ್ರೀತಿಯಿಂದ ತಿನ್ನಿ, ಬಾಣಂತಿಗೆ ಊಟ ಬೇಕು. ಆದರೆ ಹಾಲು ಉತ್ಪತ್ತಿಯಾಗುವುದು ಎದೆ ಬರಿದಾದಷ್ಟೂ ಮರಳಿ ತುಂಬುವ ಲೆಕ್ಕದಲ್ಲಿ. ಡಬ್ಬಿಯ ಮೇಲೆ ಬರೆದ ಭರವಸೆಗೆ ದುಡ್ಡು ಸುರಿಯಬೇಡಿ.

ಕೊನೆಯದಾಗಿ, ಪಂಪ್ ಬರುವ ಮುನ್ನವೇ ಕೈಯಿಂದ ಹಾಲು ತೆಗೆಯುವುದನ್ನು ಕಲಿಯಿರಿ. ಕಪ್ಪು ವರ್ತುಲದ ಅಂಚಿನಲ್ಲಿ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಅನಂತರ ಎರಡು ಬೆರಳೂ ಒಂದನ್ನೊಂದು ಸೇರುವಂತೆ ಅದುಮಿ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಜಗ್ಗಬಾರದು. ಹಸು ಕರೆದು ಅಭ್ಯಾಸವಿರುವ ಹಳ್ಳಿಯ ಹೆಣ್ಣುಮಕ್ಕಳಿಗೆ ಇದನ್ನು ಕಲಿಸುವುದು ನನಗೆ ಹೆಚ್ಚು ಕಷ್ಟವಾಗಿತ್ತು, ಅವರ ಬೆರಳು ತಾನಾಗಿಯೇ ಕೆಳಕ್ಕೆ ಎಳೆಯುತ್ತಿತ್ತು. ಎದೆಯಲ್ಲಿ ಗಂಟು ಕಟ್ಟಿ ಕೆಂಪಾದರೆ ಮತ್ತೆ ಮತ್ತೆ ಪಂಪ್ ಮಾಡಿ ಬರಿದು ಮಾಡಲು ಹೋಗಬೇಡಿ, ಬಲವಾಗಿ ತಿಕ್ಕಲೂಬೇಡಿ. ಎಂದಿನಂತೆ ಹಾಲೂಡಿಸುತ್ತ ತಣ್ಣನೆಯ ಬಟ್ಟೆಯಿಡಿ. ಮೊದಲು ನಾವೇ ಬಿಸಿ ಶಾಖ ಕೊಟ್ಟು ನೀವಿರೆಂದು ಹೇಳಿಕೊಡುತ್ತಿದ್ದೆವು, ಈಗಿನ ಮಾರ್ಗಸೂಚಿ ಬದಲಾಗಿದೆ. ಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ.

ಉತ್ತರ 3: ಒಂದು ಮಗುವಿನ ತಂದೆ, ಹೊಸಪೇಟೆ

ಗಂಡಸರು ಇಲ್ಲಿ ಮಾತಾಡಬಹುದೋ ಇಲ್ಲವೋ ತಿಳಿಯದು. ಆದರೂ ನಮ್ಮ ಮನೆಯಲ್ಲಿ ಹಾಲಿನ ಡಬ್ಬಿಗಳ ಲೆಕ್ಕ, ತೊಳೆಯುವುದು, ಫ್ರಿಜ್ಜು ಎಲ್ಲವೂ ನನ್ನ ಪಾಲಿಗಿದ್ದುದರಿಂದ ಬರೆಯುತ್ತಿದ್ದೇನೆ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ನಮ್ಮ ಹೊಸಪೇಟೆಯ ಬೇಸಿಗೆಯಲ್ಲಿ 25 ಡಿಗ್ರಿ ಎಂಬುದು ಕನಸಿನ ಮಾತಾದ್ದರಿಂದ ನಾವು ತೆಗೆದ ತಕ್ಷಣ ತಣ್ಣಗಿಡುತ್ತಿದ್ದೆವು. ಪ್ರತ್ಯೇಕ ಬಾಗಿಲಿನ ಫ್ರೀಜರಿನಲ್ಲಾದರೆ 6 ತಿಂಗಳವರೆಗೂ ಚೆನ್ನಾಗಿರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿರುವ ಐಸಿನ ಗೂಡನ್ನು 2 ವಾರಕ್ಕಿಂತ ಹೆಚ್ಚು ನಂಬಬಾರದು. ಕರಗಿಸಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯಾದ ಮೇಲೆ ಚೆಲ್ಲಬೇಕು. ಚೆಲ್ಲುವಾಗ ಹೆಂಡತಿಯ ಮುಖ ನೋಡಲಾಗದು. ಹಾಗಾಗಿ 60 ಮಿಲಿಲೀಟರಿನ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ, ದಿನಾಂಕ ಬರೆದ ಚೀಟಿ ಅಂಟಿಸಿ, ಹಳೆಯದನ್ನು ಮುಂದಕ್ಕಿಡುವುದು ಜಾಣತನ.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಡಬ್ಬಿಗಳನ್ನು ಬಾಗಿಲಿನ ಕಪಾಟಿನಲ್ಲಿಡದೆ ಒಳಗೆ ಹಿಂಬದಿಯಲ್ಲಿಡಿ. ರೈಲಿನ ಪ್ರಯಾಣಕ್ಕೆ ಶಾಖ ತಡೆಯುವ ಒಂದು ಚೀಲ, ಅದರೊಳಗೆ ಚೆನ್ನಾಗಿ ಹೆಪ್ಪುಗಟ್ಟಿಸಿದ ಎರಡು ಐಸ್ ಪ್ಯಾಕ್ ಸಾಕು, ಹಾಗೆ ಒಂದು ದಿನದವರೆಗೂ ಹಾಲು ಕೆಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಈ ಚೀಲವೇ ಇಲ್ಲದಿರುವುದು ನನಗೆ ಆಶ್ಚರ್ಯ.

ಸ್ಟೆರಿಲೈಸರಿನ ಬದಲು ಮುಚ್ಚಳವಿರುವ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ. ಆದರೆ ಮೋಟಾರಿಗೆ ಹೋಗುವ ಗಾಳಿಯ ಕೊಳವೆಯನ್ನು ಮಾತ್ರ ಕುದಿಸಬೇಡಿ. ಬಾಟಲಿ ಬಿಸಿ ಮಾಡುವ ಯಂತ್ರದ ಕೆಲಸವನ್ನು ಬಿಸಿನೀರಿನ ಬೋಗುಣಿ ಮಾಡುತ್ತದೆ. ಎದೆಹಾಲನ್ನು ಮೈಕ್ರೋವೇವಿನಲ್ಲಿ ಇಡಲೇಬಾರದು, ಎಲ್ಲೋ ಒಂದು ಕಡೆ ಮಾತ್ರ ಕಾದು ಕೂಸಿನ ಬಾಯಿ ಸುಡುತ್ತದೆ. ಹಾಲು ಮೇಲೆ ಕೆನೆ, ಕೆಳಗೆ ನೀರು ಎಂಬಂತೆ ಬೇರೆಯಾಗಿ ಕಂಡರೆ ಅದು ಒಡೆದಿದೆಯೆಂದಲ್ಲ, ಮೆಲ್ಲಗೆ ಅಲುಗಿಸಿದರೆ ಕೂಡಿಕೊಳ್ಳುತ್ತದೆ. ಫ್ರೀಜರಿನಿಂದ ತೆಗೆದದ್ದು ಸೋಪಿನಂತೆ ವಾಸನೆ ಹೊಡೆದರೂ ಹಾಗೆಯೇ, ಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಆ ವಾಸನೆ ಬರುತ್ತದೆ. ಇದು ತಿಳಿಯದೆ ನಮ್ಮ ತಾಯಿ ಒಂದು ವಾರದ ಹಾಲನ್ನು ಬಚ್ಚಲಿಗೆ ಸುರಿದಿದ್ದರು. ಆ ದಿನದ ಕಥೆ ಇಲ್ಲಿ ಬೇಡ.

ಉತ್ತರ 4: ವಕೀಲೆ, ಧಾರವಾಡ

ಕೋಣೆಯ ವಿಷಯಕ್ಕೆ ಬರುತ್ತೇನೆ, ಇದೂ ಒಂದು ಸಾಧನವೇ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಮಗುವಿಗೆ 15 ತಿಂಗಳು ತುಂಬುವವರೆಗೆ ತಾಯಿಗೆ ಎಂದಿನ ವಿರಾಮದ ಜೊತೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳು ಸಲ್ಲುತ್ತವೆ. 2017ರ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನೂ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಅವಕಾಶವನ್ನೂ ಕಡ್ಡಾಯಗೊಳಿಸಿತು. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕುಗಳಿವೆ. ಪಂಪ್ ಮಾಡಲು ಕೋಣೆ ಕೊಡಬೇಕೆಂಬ ಮಾತು ಅವುಗಳಲ್ಲಿ ನೇರವಾಗಿ ಇಲ್ಲವಾದರೂ, ವಿರಾಮದ ಹಕ್ಕನ್ನು ಉಲ್ಲೇಖಿಸಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಒಂದು ಪ್ಲಗ್ ಪಾಯಿಂಟ್, ಒಂದು ಕುರ್ಚಿ ಬೇಕೆಂದು ಕೆಲಸಕ್ಕೆ ಮರಳುವ ಮೊದಲೇ ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ. ಶೌಚಾಲಯವನ್ನು ತೋರಿಸಿದರೆ ಒಪ್ಪಬೇಡಿ.

ಹಾಗೆಯೇ, ಬಾಟಲಿ ಮತ್ತು ಪುಡಿಹಾಲಿನ ಜಾಹೀರಾತುಗಳನ್ನೂ ತಾಯಂದಿರಿಗೆ ಪುಡಿಹಾಲಿನ ಉಚಿತ ಮಾದರಿ ಕೊಡುವುದನ್ನೂ 1992ರ ಕಾಯ್ದೆ ನಿಷೇಧಿಸಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಪಂಪುಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ ಅವುಗಳ ಜಾಹೀರಾತನ್ನು ನೀವೇ ಜರಡಿ ಹಿಡಿಯಬೇಕು.

ಉತ್ತರ 5: ಬಸವನಗುಡಿಯಿಂದ

ದಿಂಬಿಗೆ ದುಡ್ಡು ಹಾಕಬೇಡಿ, ಮನೆಯ ಎರಡು ತಲೆದಿಂಬು ಸಾಕು. ಹೊದಿಕೆಯನ್ನೂ ಕೊಳ್ಳಬೇಡಿ, ಸೆರಗಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಪ್ಯಾಡುಗಳನ್ನು ಮಾತ್ರ ಅಲಕ್ಷಿಸಬೇಡಿ. ಸಭೆಯೊಂದರಲ್ಲಿ ಯಾರದೋ ಫೋನಿನಲ್ಲಿ ಮಗುವಿನ ಅಳು ಕೇಳಿಸಿ ನನ್ನ ತಿಳಿ ನೀಲಿ ರವಿಕೆ ಎರಡೂ ಕಡೆ ಒದ್ದೆಯಾದದ್ದನ್ನು ನಾನು ಮರೆತಿಲ್ಲ. ಹಳೆಯ ಹತ್ತಿ ಪಂಚೆಯನ್ನು ಅಂಗೈಯಗಲ ದುಂಡಗೆ ಕತ್ತರಿಸಿ ಆರು ಪದರ ಸೇರಿಸಿ ಹೊಲಿದರೆ ಒಗೆದು ಬಳಸುವ ಪ್ಯಾಡು ಸಿದ್ಧ. ಒದ್ದೆಯಾದದ್ದನ್ನು ಹಾಗೆಯೇ ಇಟ್ಟುಕೊಂಡರೆ ತೊಟ್ಟಿಗೆ ಬೂಷ್ಟಿನ ಸೋಂಕು ತಗಲಬಹುದು, ಬದಲಿಸುತ್ತಿರಿ.

ಪ್ರಶ್ನೆ ಕೇಳಿದವರು: ತುಮಕೂರಿನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಐದು ವಾರಗಳ ಅನಂತರ ಬರೆಯುತ್ತಿದ್ದೇನೆ. ಕೊನೆಗೆ ನಾನು ಕೊಂಡದ್ದು ಜೋಡಿ ಪಂಪು, ಎಡಕ್ಕೊಂದು ಬಲಕ್ಕೊಂದು ಬೇರೆ ಅಳತೆಯ ಸಿಲಿಕೋನ್ ಉಂಗುರ, ಎಂಟು ಸಣ್ಣ ಡಬ್ಬಿ, ತಂಪಿನ ಚೀಲ. ಪಟ್ಟಿಯ ಮೂರನೆಯ ಒಂದು ಭಾಗದ ಹಣದಲ್ಲಿ ಎಲ್ಲವೂ ಮುಗಿಯಿತು. ವಕೀಲರ ಸಲಹೆಯಂತೆ ಬರೆದುಕೊಟ್ಟ ಅರ್ಜಿಗೆ ದಾಖಲೆಗಳ ಕೋಣೆಯ ಬೀಗದ ಕೈ ಸಿಕ್ಕಿತು, ಒಳಗಿನ ಚಿಲಕವನ್ನು ಮಾತ್ರ ನಾನೇ ಹಾಕಿಸಿಕೊಳ್ಳಬೇಕಾಯಿತು.

ಮೊದಲ ದಿನ ಮೂರು ಸಲಕ್ಕೆ 110, 90, 70 ಮಿಲಿಲೀಟರ್ ಬಂತು. ಮಗುವಿಗೆ ಗಂಟೆಗೆ 30ರಿಂದ 45 ಮಿಲಿಲೀಟರ್ ಬೇಕಾಗಬಹುದೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ, ಕೊರತೆಯನ್ನು ಫ್ರೀಜರಿನಲ್ಲಿ ಕೂಡಿಟ್ಟಿದ್ದ ಹಾಲಿನಿಂದ ತುಂಬಿಸಿಕೊಂಡೆವು. ಮಗಳು ಹಗಲು ಕಡಿಮೆ ಕುಡಿದು ರಾತ್ರಿಯೆಲ್ಲ ಎದೆಗಂಟಿಕೊಂಡು ಸರಿದೂಗಿಸಿಕೊಳ್ಳುತ್ತಾಳೆ, ನನ್ನ ನಿದ್ದೆಯ ಲೆಕ್ಕ ಮಾತ್ರ ಸರಿದೂಗುತ್ತಿಲ್ಲ. ಲೋಟವನ್ನು ಅವಳು ನಾಲ್ಕು ದಿನ ಉಗಿದಳು. ಐದನೆಯ ದಿನ ಅತ್ತೆಯವರು ಅಟ್ಟದಿಂದ ನಮ್ಮ ಯಜಮಾನರು ಕುಡಿದಿದ್ದ ಬೆಳ್ಳಿಯ ಒಳಲೆಯನ್ನು ಇಳಿಸಿ, ಕುದಿಸಿ, ಶುಶ್ರೂಷಕಿಯಮ್ಮನವರು ಹೇಳಿದಂತೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಕುಡಿಸಿದರು. 60 ಮಿಲಿಲೀಟರ್ ಖಾಲಿಯಾಯಿತೆಂದು ನನಗೆ ಸುದ್ದಿ ಬಂದಾಗ ರೈಲು ದಾಬಸ್‌ಪೇಟೆ ದಾಟಿತ್ತು.

ಮೈಸೂರಿನ ಅಕ್ಕನವರಲ್ಲಿ ಒಂದು ಪ್ರಶ್ನೆ: ಆ ಕೊಕ್ಕಿನಾಕಾರದ ಕವಾಟವನ್ನು ಪಂಪಿನ ಕಂಪನಿಯದೇ ಕೊಳ್ಳಬೇಕೇ, ಅಥವಾ ಅಳತೆ ಕೂಡಿದರೆ ಬೇರೆಯದೂ ನಡೆಯುತ್ತದೆಯೇ? ನಿನ್ನೆಯಿಂದ ಬಲಗಡೆಯ ಎಳೆತ ಸ್ವಲ್ಪ ಕುಗ್ಗಿದಂತೆ ಕಾಣುತ್ತಿದೆ.